ಗುದ್ದಿದವನು ಓಡಿಹೋದ, ಠಾಣೆಯಲ್ಲಿ ಎಫ್‌ಐಆರ್ ಬೇಡ ಅಂತಾರೆ, ಇನ್ಶೂರೆನ್ಸ್‌ನವರು ಬೇಕೇ ಬೇಕು ಅಂತಾರೆ

ಕುವೆಂಪುನಗರದವಳು:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶ ಮುಗಿಸಿಕೊಂಡು ರಾತ್ರಿ ಮೈಸೂರಿಗೆ ವಾಪಸ್ ಬರುತ್ತಿದ್ದೆವು. ಓಡಿಸುತ್ತಿದ್ದವಳು ನಾನು, ಪಕ್ಕದಲ್ಲಿ ಅಮ್ಮ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಒಂದು ಬಿಳಿ ಗಾಡಿ ಎಡಗಡೆ ನುಗ್ಗಿ ಓವರ್‌ಟೇಕ್ ಮಾಡಲು ಹೋಗಿ ಅಮ್ಮನ ಕಡೆಯ ಬಾಗಿಲಿಗೆ ಗುದ್ದಿತು. ನಮ್ಮ ಕಾರು ಬಲಕ್ಕೆ ಹೋಗಿ ತಡೆಗೋಡೆಗೆ ತಗುಲಿತು. ಆ ಗಾಡಿ ನಿಲ್ಲಿಸಲೇ ಇಲ್ಲ. ಕೆಎ 11 ಅನ್ನುವುದಷ್ಟೇ ಕಂಡಿತು.

ಅಮ್ಮನ ಎಡಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದ್ದಾರೆ. ಠಾಣೆಗೆ ಹೋದರೆ "ನಂಬರ್ ಇಲ್ಲದೆ ಯಾರ ಮೇಲೆ ಕೇಸ್ ಹಾಕೋದಮ್ಮ? ಹಿಂಬರಹ ಕೊಡ್ತೀವಿ, ಇನ್ಶೂರೆನ್ಸಿಗೆ ಅಷ್ಟು ಸಾಕು" ಎಂದರು. ಹಿಂಬರಹ ಅಂದರೆ ದೂರು ಬಂದಿದೆ ಅಂತ ಠಾಣೆಯವರು ಬರೆದುಕೊಡುವ ಚೀಟಿ. ಇನ್ಶೂರೆನ್ಸ್ ಕಾಲ್ ಸೆಂಟರ್‌ನವರು, ಪೆಟ್ಟಾಗಿದೆ ಅಂದಮೇಲೆ ಎಫ್‌ಐಆರ್ ಬೇಕು ಎನ್ನುತ್ತಿದ್ದಾರೆ. ಏಜೆಂಟ್ ಹೇಳುವುದೇ ಬೇರೆ: "ಮೇಡಂ, ಸೆಲ್ಫ್ ಆಕ್ಸಿಡೆಂಟ್ ಅಂತ ಬರೆದುಬಿಡಿ. ನಾಯಿ ಅಡ್ಡ ಬಂತು, ಗೋಡೆಗೆ ತಗುಲಿತು ಅನ್ನಿ. ಯಾವ ಠಾಣೆಯೂ ಬೇಡ." ಗ್ಯಾರೇಜ್‌ನವರದ್ದೂ ಅದೇ ಮಾತು. ಪಾಲಿಸಿ ಕಾಂಪ್ರಹೆನ್ಸಿವ್, ಜೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಕವರ್) ಇದೆ. ಏನು ಮಾಡಲಿ? ಠಾಣೆಯ ಹೆಸರು, ಕಂಪನಿಯ ಹೆಸರು ಕೇಳಬೇಡಿ, ಹೇಳಲ್ಲ.

ರಿಂಗ್‌ರೋಡ್ ರಾಜ:
ಏಜೆಂಟ್ ಹೇಳಿದ್ದು ಸರಿ ಇದೆ ಮೇಡಂ. ಕಾರಿಗೆ ದುಡ್ಡು ಬರಬೇಕು ತಾನೆ? ಸೆಲ್ಫ್ ಅಂತ ಬರೀರಿ, ಇನ್ಶೂರೆನ್ಸ್ ಪರವಾಗಿ ಹಾನಿ ನೋಡೋ ಸರ್ವೇಯರ್ ಬಂದು ಫೋಟೋ ಹೊಡ್ಕೊಂಡು ಹೋಗ್ತಾನೆ, ಗಾಡಿ ರೆಡಿ. ಎಫ್‌ಐಆರ್ ಮಾಡಿಸಿದರೆ ಕಾರು ಠಾಣೆ ಮುಂದೆ ಧೂಳು ಹಿಡಿಯುತ್ತೆ. ನಮ್ಮ ಭಾವನ ಗಾಡಿಗೆ ಹಾಗೇ ಆಯ್ತು.

ಹಳೇ ಸರ್ವೇಯರ್:
ರಾಜ ಅವರೇ, ಖಾಲಿ ಗಾಡಿ ಗೋಡೆಗೆ ಉಜ್ಜಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ಎರಡು ತೊಂದರೆ ಇದೆ. ಎಡಬಾಗಿಲ ಮೇಲೆ ಬೇರೆ ಗಾಡಿಯ ಬಿಳಿ ಬಣ್ಣ ಅಂಟಿರುತ್ತದೆ. ಬಾಗಿಲು ಹಿಂದಿನಿಂದ ಮುಂದಕ್ಕೆ ತಗ್ಗಿರುತ್ತದೆ. ಬಲಗಡೆ ಬಂಪರ್‌ಗೆ ಗೋಡೆ ಪೆಟ್ಟು. ನಾಯಿಯ ಕಥೆಗೆ ಈ ಎರಡು ಪೆಟ್ಟೂ ಹೊಂದುವುದಿಲ್ಲ. ಕಣ್ಣಿದ್ದ ಯಾವ ಸರ್ವೇಯರ್ ಆದರೂ ಒಂದನ್ನು ಬೇರೆ ಅಪಘಾತ ಅಂತ ಪಕ್ಕಕ್ಕಿಡುತ್ತಾನೆ, ಇಲ್ಲವೇ ಸುಳ್ಳು ಹೇಳಿಕೆ ಅಂತ ಇಡೀ ಕ್ಲೇಮ್ ತಳ್ಳಿಹಾಕಲು ಶಿಫಾರಸು ಮಾಡುತ್ತಾನೆ. ಸುಳ್ಳು ಬರೆದರೆ ಪಾಲಿಸಿಯೇ ನಿಲ್ಲುವುದಿಲ್ಲ. ಏಜೆಂಟ್‌ಗೇನು, ಕ್ಲೇಮ್ ಫಾರಂ ಮೇಲೆ ಸಹಿ ಹಾಕುವವರು ನೀವು.

ಎರಡನೆಯದು ನಿಮ್ಮ ಅಮ್ಮನ ಕೈ. ಅದನ್ನು ವಕೀಲರು ಯಾರಾದರೂ ಹೇಳಲಿ.

ಕೋರ್ಟ್ ಕಟ್ಟೆ:
ಹೇಳುತ್ತೇನೆ. ಮೈಸೂರಲ್ಲಿ ಮೋಟಾರು ಅಪಘಾತದ ಕೇಸುಗಳನ್ನೇ ಜಾಸ್ತಿ ನಡೆಸುವವನು ನಾನು.

ಮೇಡಂ, ಸೆಲ್ಫ್ ಆಕ್ಸಿಡೆಂಟ್ ಅಂತ ಬರೆದರೆ ಅದರ ಅರ್ಥ ಏನು ಗೊತ್ತಾ? ಗಾಡಿ ಓಡಿಸಿದ ನಿಮ್ಮ ಅಜಾಗರೂಕತೆಯಿಂದ ನಿಮ್ಮ ತಾಯಿಯ ಕೈ ಮುರಿಯಿತು ಅಂತ. ಆಸ್ಪತ್ರೆಯಿಂದ ಠಾಣೆಗೆ ಎಂಎಲ್‌ಸಿ, ಅಂದರೆ ಅಪಘಾತದ ಗಾಯದ ಬಗ್ಗೆ ಮಾಹಿತಿ, ಹೋಗಿಯೇ ಇರುತ್ತದೆ. ನಾಳೆ ಪೊಲೀಸರು ಕೇಸ್ ಹಾಕಿದರೆ ಆರೋಪಿ ನೀವೇ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 281 ಮತ್ತು 125. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಓಡಿಹೋದವನು ಮನೆಯಲ್ಲಿ ಹಾಯಾಗಿ ಮಲಗಿರುತ್ತಾನೆ, ಅವನ ಜಾಗದಲ್ಲಿ ನೀವು ನಿಂತಿರುತ್ತೀರಿ.

ಇನ್ನು ಎಫ್‌ಐಆರ್. ನಂಬರ್ ಇಲ್ಲದಿದ್ದರೆ ಎಫ್‌ಐಆರ್ ಆಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು. "ಅಪರಿಚಿತ ವಾಹನದ ಚಾಲಕ" ಅಂತ ಆರೋಪಿ ಕಾಲಂನಲ್ಲಿ ಬರೆದು ಎಷ್ಟೋ ಎಫ್‌ಐಆರ್‌ಗಳು ಆಗುತ್ತವೆ. ಇದು ಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದದ್ದು. ಅಂಥದ್ದಕ್ಕೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿ ಅವರಿಗೆ ಬರವಣಿಗೆಯಲ್ಲಿ ಕಳಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಸೆಕ್ಷನ್ 173(4) ಇರುವುದೇ ಅದಕ್ಕೆ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಯಾರಿಗೂ "ಕಾಫಿಗೆ" ಕೊಡಬೇಕಾಗಿಲ್ಲ.

ಖಾಕಿ ಬಿಟ್ಟವನು:
ನಾನು ಇಲಾಖೆಯಿಂದ ನಿವೃತ್ತನಾದವನು. ಪೊಲೀಸರನ್ನು ಬೈಯುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಗಾಡಿ ಪತ್ತೆಯಾಗದ ಕೇಸ್ ಅಂದರೆ ಕೊನೆಗೆ "ಸಿ" ರಿಪೋರ್ಟ್, ಅಂದರೆ ಆರೋಪಿ ಸಿಗಲಿಲ್ಲ ಅಂತ ಕೇಸ್ ಮುಚ್ಚುವ ವರದಿ. ಠಾಣೆಯ ತಿಂಗಳ ಸಭೆಯಲ್ಲಿ ಇನ್‌ಸ್ಪೆಕ್ಟರ್ ಅದಕ್ಕೆ ಉತ್ತರ ಕೊಡಬೇಕು. ಹಾಗಾಗಿ ರೈಟರ್, ಅಂದರೆ ಠಾಣೆಯಲ್ಲಿ ದೂರು, ಕಡತ ಬರೆಯುವವನು, ಮೊದಲೇ ಸಮಾಧಾನ ಮಾಡಿ ಕಳಿಸಲು ನೋಡುತ್ತಾನೆ. ಸರಿ ಅಂತ ನಾನು ಹೇಳುತ್ತಿಲ್ಲ, ಯಾಕೆ ಅಂತ ಹೇಳುತ್ತಿದ್ದೇನೆ.

ಮೇಡಂ, ಒಂದು ಪ್ರಶ್ನೆ. ಆಸ್ಪತ್ರೆಗೆ ಪೊಲೀಸರು ಬಂದು ನಿಮ್ಮ ತಾಯಿಯ ಹೇಳಿಕೆ ತೆಗೆದುಕೊಂಡರಾ? ಅದರ ಕೊನೆಯಲ್ಲಿ ಏನು ಬರೆದಿದೆ ನೋಡಿದಿರಾ? ಅಲ್ಲಿ ಸಾಮಾನ್ಯವಾಗಿ ಒಂದು ಸಾಲು ಬಂದು ಕೂತಿರುತ್ತದೆ: "ಸದ್ಯಕ್ಕೆ ಯಾರ ಮೇಲೂ ದೂರು ನೀಡಲು ಇಚ್ಛಿಸುವುದಿಲ್ಲ." ನೋವಿನಲ್ಲಿರುವವರು ಓದದೆ ಸಹಿ ಹಾಕುತ್ತಾರೆ. ಆಮೇಲೆ ಎಲ್ಲ ಕಡೆಯೂ ಆ ಸಾಲನ್ನೇ ತೋರಿಸುತ್ತಾರೆ.

ಕುವೆಂಪುನಗರದವಳು:
ಸರ್, ಬಂದಿದ್ದರು. ಅಮ್ಮನ ಬಲಗೈಗೆ ಡ್ರಿಪ್ ಹಾಕಿದ್ದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ನೀವು ಹೇಳಿದ ಮೇಲೆ ಇವತ್ತು ಹೋಗಿ ಕೇಳಿದೆ. ಅದೇ ಸಾಲು ಇದೆ! ನಮ್ಮಮ್ಮ ರಿಟೈರ್ಡ್ ಹೈಸ್ಕೂಲ್ ಟೀಚರ್. ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಕ್ಕೇ ಅವರಿಗೆ ಜಾಸ್ತಿ ಸಿಟ್ಟು.

ಖಾಕಿ ಬಿಟ್ಟವನು:
ಟೀಚರಮ್ಮನಿಗೆ ನನ್ನ ನಮಸ್ಕಾರ ಹೇಳಿ. ಗಾಬರಿ ಬೇಡ. "ಸದ್ಯಕ್ಕೆ" ಅಂತ ಇರುವುದರಿಂದ ಈಗ ದೂರು ಕೊಡಲು ಅಡ್ಡಿ ಇಲ್ಲ. ಹೊಸ ದೂರನ್ನು ನೀವೇ ಬರೆಯಿರಿ, ಠಾಣೆಯಲ್ಲಿ ಬರೆಸಬೇಡಿ. ಒಂದೇ ಪುಟ ಸಾಕು. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಿರಿ, ಯಾವ ಊರಿನ ಹತ್ತಿರ, ಯಾವ ಕಲ್ಲು ಅಥವಾ ಅಂಗಡಿ ಎದುರು, ಎಷ್ಟು ಹೊತ್ತಿಗೆ, ಗುದ್ದಿದ್ದು ಎಲ್ಲಿಗೆ, ಗಾಡಿಯ ಬಣ್ಣ, ಕಂಡಷ್ಟು ನಂಬರ್. ಆಸ್ಪತ್ರೆಯ ಎಂಎಲ್‌ಸಿ ನಂಬರ್ ಹಾಕಲೇಬೇಕು. ತಡ ಯಾಕಾಯಿತು ಅಂತಲೂ ಒಂದು ಸಾಲು ಬರೆಯಿರಿ: ತಾಯಿಗೆ ಆಪರೇಷನ್ ಇತ್ತು, ಅಷ್ಟೇ. ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ.

ಕಾರು ಠಾಣೆಯಲ್ಲಿ ಕೊಳೆಯುತ್ತದೆ ಅನ್ನುವುದು ಅರ್ಧ ನಿಜ. ಗುದ್ದಿದ ಗಾಡಿಯನ್ನು ಸೀಜ್ ಮಾಡುತ್ತಾರೆ. ಪೆಟ್ಟು ತಿಂದ ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಒಮ್ಮೆ ನೋಡಿ ವರದಿ ಕೊಡಬೇಕು. ನಾವು ಐಎಂವಿ ರಿಪೋರ್ಟ್ ಅಂತೀವಿ. ಆ ಕೆಲಸ ಮುಗಿದ ಮೇಲೆ 24 ಗಂಟೆಯೊಳಗೆ ಗಾಡಿ ವಾಪಸ್ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಹೇಳುತ್ತದೆ. ಅದನ್ನು ಹೇಳಿ ಕೇಳಿ.

ಕಬ್ಬಿನಗದ್ದೆ:
ಅಕ್ಕ, ನಾನು ಅದೇ ಸರ್ವಿಸ್ ರಸ್ತೆ ಪಕ್ಕದವನು. ಗಣಂಗೂರು ಟೋಲ್ ಕ್ಯಾಮೆರಾದಲ್ಲಿ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಸರ್ವಿಸ್ ರಸ್ತೆಯಲ್ಲೇ ಹೋದವನು ಟೋಲ್‌ಗೆ ಬರೋದೇ ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲವನ್ನೂ ಮೇಲಿನ ರಸ್ತೆಯಿಂದ ಇಳಿಸಿದರಲ್ಲ, ಆವಾಗಿಂದ ಕೆಳಗಿನ ರಸ್ತೆ ಸಂತೆ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗೆ ಹಿಂದೆ ದೀಪ ಇರಲ್ಲ, ಟೋಲ್ ತಪ್ಪಿಸುವ ಕಾರುಗಳೂ ಅಲ್ಲೇ ನುಗ್ಗುತ್ತವೆ.

ಪೆಟ್ರೋಲ್ ಬಂಕ್, ಡಾಬಾ, ಬೀಜ-ಗೊಬ್ಬರದ ಅಂಗಡಿ, ಇವರ ಕ್ಯಾಮೆರಾ ರಸ್ತೆ ಕಡೆ ಮುಖ ಮಾಡಿರುತ್ತೆ. ಆದರೆ ಬೇಗ ಹೋಗಿ. ಡಿಸ್ಕ್ ತುಂಬಿದ ಮೇಲೆ ಹಳೇದರ ಮೇಲೆ ಹೊಸದು ಬರುತ್ತೆ, ಚಿಕ್ಕ ಅಂಗಡಿಗಳಲ್ಲಿ ಒಂದು ವಾರವೂ ಉಳಿಯಲ್ಲ. ಪೊಲೀಸರೇ ಬಂದು ಕೇಳಲಿ ಅಂದರೆ ಬಂಕ್‌ನವರಿಗೆ "ಅಳಿಸಬೇಡಿ" ಅಂತ ಚೀಟಿ ಬರೆದು ಕೊಟ್ಟು, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ಗುದ್ದಿದ ಜಾಗದಲ್ಲಿ ಒಡೆದ ಪ್ಲಾಸ್ಟಿಕ್ ಏನಾದರೂ ಬಿದ್ದಿತ್ತಾ?

ಕುವೆಂಪುನಗರದವಳು:
ಬಿದ್ದಿತ್ತು! ಕನ್ನಡಿಯ ಹಿಂದಿನ ಬಿಳಿ ಚಿಪ್ಪು ನಮ್ಮ ವೈಪರ್ ಹತ್ತಿರ ಸಿಕ್ಕಿಕೊಂಡಿತ್ತು. ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಗ್ಯಾರೇಜ್ ಗಿರಿ:
ಅದನ್ನ ಎಸೀಬೇಡಿ ಮೇಡಂ. ಒಳಗಡೆ ಪಾರ್ಟ್ ನಂಬರ್ ಅಚ್ಚು ಹಾಕಿರ್ತಾರೆ. ಯಾವ ಕಂಪನಿ, ಯಾವ ಮಾಡೆಲ್, ಎಡಗಡೆಯದೋ ಬಲಗಡೆಯದೋ ಎಲ್ಲ ಗೊತ್ತಾಗುತ್ತೆ. ಆ ಕನ್ನಡಿ ಕೇಳಿಕೊಂಡು ಮಂಡ್ಯ, ಮದ್ದೂರು, ಮೈಸೂರಿನ ಯಾವುದಾದರೂ ಅಂಗಡಿಗೆ ಒಬ್ಬ ಬಂದೇ ಬರ್ತಾನೆ. ಪೊಲೀಸರಿಗೆ ಕೊಡುವಾಗ ಮಹಜರಿನಲ್ಲಿ ಬರೆಸಿ ಕೊಡಿ, ಸುಮ್ನೆ ಕೈಗೆ ಕೊಟ್ಟು ಬರಬೇಡಿ.

ರಿಂಗ್‌ರೋಡ್ ರಾಜ:
ಎಲ್ಲ ಸರಿ, ಆದರೆ ಇಷ್ಟೆಲ್ಲ ಓಡಾಡಿ ಸಿಗೋದೇನು? ಕಾರಿನ ದುಡ್ಡು ಹೇಗೂ ತನ್ನ ಇನ್ಶೂರೆನ್ಸಿಂದಲೇ ಬರಬೇಕು. ಗಾಡಿ ಸಿಗಲ್ಲ. ಕೋರ್ಟ್ ಕಟ್ಟೆಯವರಿಗೆ ಕೇಸ್ ಸಿಗುತ್ತೆ ಅಷ್ಟೇ.

ಕೋರ್ಟ್ ಕಟ್ಟೆ:
ಹ್ಹ ಹ್ಹ. ನನಗೆ ಒಂದು ಪೈಸೆಯೂ ಇಲ್ಲದ ದಾರಿಯನ್ನೇ ಮೊದಲು ಹೇಳುತ್ತೇನೆ, ಕೇಳಿ.

ಗಾಡಿ ಪತ್ತೆಯಾಗದಿದ್ದರೂ ಸರ್ಕಾರದಿಂದ ಪರಿಹಾರ ಇದೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 161. ಸತ್ತರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 50,000 ರೂಪಾಯಿ. 2022ರ ಏಪ್ರಿಲ್ 1ರಿಂದ ಈ ದರ. ಅದಕ್ಕೆ ಮೊದಲು 25,000 ಮತ್ತು 12,500 ಇತ್ತು. ವಕೀಲರು ಬೇಡ, ಕೋರ್ಟ್ ಬೇಡ. ಅಪಘಾತ ಆದ ತಾಲ್ಲೂಕಿನ ವಿಚಾರಣಾ ಅಧಿಕಾರಿಗೆ, ಅಂದರೆ ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ, ಫಾರಂ 1ರಲ್ಲಿ ಅರ್ಜಿ. ಅವರು ಒಂದು ತಿಂಗಳಲ್ಲಿ ವರದಿ ಕಳಿಸಬೇಕು. ಜಿಲ್ಲಾಧಿಕಾರಿ 15 ದಿನದಲ್ಲಿ ಮಂಜೂರು ಮಾಡಬೇಕು. ಆಮೇಲೆ ಜನರಲ್ ಇನ್ಶೂರೆನ್ಸ್ ಕೌನ್ಸಿಲ್‌ನಿಂದ ಬ್ಯಾಂಕ್ ಖಾತೆಗೆ ಹಣ.

ನಮ್ಮ ಕಡೆ ಈ ಯೋಜನೆ ಹೆಸರು ಕೇಳಿದವರೇ ಕಡಿಮೆ. ಅದಕ್ಕೇ ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಒಂದು ಆದೇಶ ಮಾಡಿತು: ಒಂದು ತಿಂಗಳು ಪ್ರಯತ್ನಿಸಿದರೂ ಗಾಡಿ ಸಿಗದಿದ್ದರೆ, ಈ ಪರಿಹಾರ ಕೇಳಬಹುದು ಅಂತ ಠಾಣಾಧಿಕಾರಿಯೇ ಗಾಯಾಳುವಿಗೆ ಲಿಖಿತವಾಗಿ ತಿಳಿಸಬೇಕು. ಈಗ ಹೇಳಿ ರಾಜ ಅವರೇ, ಎಫ್‌ಐಆರ್ ಇಲ್ಲದಿದ್ದರೆ ಆ ಒಂದು ತಿಂಗಳು ಯಾವತ್ತಿನಿಂದ ಶುರುವಾಗುತ್ತದೆ?

ಗಾಡಿ ಸಿಕ್ಕರೆ ದಾರಿ ಬೇರೆ. ಅವನ ಇನ್ಶೂರೆನ್ಸ್ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಸ್. ಅದನ್ನು ನೀವು ವಾಸ ಇರುವ ಮೈಸೂರಲ್ಲೇ ಹಾಕಬಹುದು, ಮಂಡ್ಯಕ್ಕೆ ಅಲೆಯಬೇಕಾಗಿಲ್ಲ. ಆದರೆ ಕಾಯ್ದೆಯಲ್ಲಿ ಅಪಘಾತದ ದಿನದಿಂದ ಆರು ತಿಂಗಳ ಗಡುವು ಇದೆ, ಮರೆಯಬೇಡಿ. ಈ ದಾರಿಗೂ ಎಫ್‌ಐಆರ್ ಬೇಕು. ಸೆಲ್ಫ್ ಅಂತ ಬರೆದವರಿಗೆ ಎರಡೂ ಬಾಗಿಲು ಬಂದ್.

ರಿಂಗ್‌ರೋಡ್ ರಾಜ:
ಸರಿ ಸಾರ್, 161 ಗೊತ್ತಿರಲಿಲ್ಲ. ಆದರೂ ಯಾರಿಗೂ ಪೆಟ್ಟಾಗದ ಕೇಸಿಗೆ ನನ್ನ ಮಾತೇ ಮಾತು.

ದಟ್ಟಗಳ್ಳಿ ದೀಪು:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಅದೇ ಥರದ್ದು, ಪೆಟ್ಟಿಲ್ಲ. ಮಾರ್ಕೆಟ್ ಹತ್ತಿರ ನಿಲ್ಲಿಸಿದ್ದ ಕಾರಿಗೆ ಯಾರೋ ಹಿಂದಿನಿಂದ ಗುದ್ದಿ ಹೋಗಿದ್ದಾರೆ. ಬಂಪರ್ ಮತ್ತು ಪೇಂಟಿಂಗ್ ಸೇರಿ 8,000 ಎಸ್ಟಿಮೇಟ್. ಕ್ಲೇಮ್ ಮಾಡಲಾ?

ಹಳೇ ಸರ್ವೇಯರ್:
ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ? 50 ಪರ್ಸೆಂಟ್ ಇದ್ದರೆ ಬೇಡ. ಲೆಕ್ಕ ನೋಡಿ. ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ. ಆಮೇಲೆ ವರ್ಷಕ್ಕೊಂದು ಮೆಟ್ಟಿಲು: 20, 25, 35, 45, ಮತ್ತೆ 50. ಕ್ಲೇಮ್ ಮಾಡದೆ 50ರಲ್ಲೇ ಇರುತ್ತಿದ್ದ ನಿಮಗೆ ಮೊದಲ ವರ್ಷ 50 ನಷ್ಟ, ಆಮೇಲೆ 30, 25, 15, 5. ಒಟ್ಟು 125 ಪರ್ಸೆಂಟ್. ಸ್ವಂತ ಹಾನಿಯ ಪ್ರೀಮಿಯಂ, ಅದೇ ಓಡಿ ಪ್ರೀಮಿಯಂ, 9,000 ಅಂದುಕೊಂಡರೆ 11,250 ರೂಪಾಯಿ. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆ ಆಗಬಹುದು. ಇನ್ನೊಂದು ಕಡೆ 8,000ದಲ್ಲಿ ಕಡ್ಡಾಯ ಕಡಿತ 1,000 ಹೋಗುತ್ತದೆ, 1500 ಸಿಸಿ ದಾಟಿದ ಕಾರಾದರೆ 2,000. ಜೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಂಪರ್‌ಗೆ ಅರ್ಧ ಮಾತ್ರ ಕೊಡುತ್ತಾರೆ. ಕೈಯಿಂದ ಹಾಕಿ ಮಾಡಿಸಿಕೊಳ್ಳಿ. ಬೋನಸ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ತಗೊಂಡಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಬನ್ನೂರು ಬೈಕರ್:
ನನ್ನದು ಬೈಕು, ಥರ್ಡ್ ಪಾರ್ಟಿ ಪಾಲಿಸಿ ಮಾತ್ರ. ಹೀಗೇ ಗುದ್ದಿ ಓಡಿಹೋದರೆ ಏನೂ ಸಿಗಲ್ವಾ?

ಹಳೇ ಸರ್ವೇಯರ್:
ಬೈಕಿನ ರಿಪೇರಿಗೆ ಸಿಗಲ್ಲ. ನಿಮಗೆ ತೀವ್ರ ಪೆಟ್ಟಾದರೆ ಅದೇ 161. ಪಾಲಿಸಿಯಲ್ಲಿ 15 ಲಕ್ಷದ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆ ಇದೆಯಾ ನೋಡಿಕೊಳ್ಳಿ. ಅದು ಸಾವು ಮತ್ತು ಶಾಶ್ವತ ಅಂಗವಿಕಲತೆಗೆ ಮಾತ್ರ, ಸಾಮಾನ್ಯ ಮೂಳೆ ಮುರಿತಕ್ಕೆ ಬರಲ್ಲ. ಆಸ್ಪತ್ರೆ ಖರ್ಚಿಗೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ: ಅಪಘಾತವಾದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ. ಸೇರಿಸುವಾಗಲೇ ಕೇಳಬೇಕು, ಬಿಲ್ ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಕುವೆಂಪುನಗರದವಳು:
ಅಪ್‌ಡೇಟ್. ಎಫ್‌ಐಆರ್ ಆಯಿತು! ಠಾಣೆಯಲ್ಲಿ ಮತ್ತೆ "ನಾಳೆ ಬನ್ನಿ" ಎಂದರು. ಅಮ್ಮನೇ ಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಜೊತೆ ಬಂದಿದ್ದರು. ದೂರಿನ ಪ್ರತಿಯನ್ನು ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ ರಶೀದಿ ತೋರಿಸಿದೆ. ರೈಟರ್ ಅದನ್ನು ನೋಡಿ ಒಳಗೆ ಹೋಗಿ ಬಂದು, ಕುರ್ಚಿ ಹಾಕಿಸಿ, "ಟೀಚರ್ ಅಂತ ಮೊದಲೇ ಹೇಳಬಾರದಿತ್ತಾ" ಎಂದರು. ಟೀಚರ್ ಅಲ್ಲದವರ ಕೈ ಮುರಿದರೆ ಏನು ಮಾಡ್ತಾರೋ. ಕನ್ನಡಿ ಚಿಪ್ಪನ್ನು ಮಹಜರಿನಲ್ಲಿ ಬರೆದುಕೊಂಡಿದ್ದಾರೆ. ನಿರೀಕ್ಷಕರು ಕಾರು ನೋಡಿ ಹೋದರು, ಮಾರನೇ ದಿನ ಗ್ಯಾರೇಜ್‌ಗೆ ಬಿಟ್ಟರು.

ಈಗ ಹೊಸ ತಲೆನೋವು. ವಿಮಾ ಕಂಪನಿಯಿಂದ ಎರಡು ಪ್ರಶ್ನೆ. ಒಂದು, ತಡವಾಗಿ ತಿಳಿಸಿದ್ದು ಯಾಕೆ. ಎರಡು, ಕಾಲ್ ಸೆಂಟರ್ ದಾಖಲೆಯಲ್ಲಿ ರಾತ್ರಿ 9:30, ಎಫ್‌ಐಆರ್‌ನಲ್ಲಿ 10:15, ಯಾವುದು ಸರಿ.

ಹಳೇ ಸರ್ವೇಯರ್:
ಎರಡಕ್ಕೂ ಇಮೇಲ್‌ನಲ್ಲೇ ಉತ್ತರ ಕೊಡಿ, ಫೋನಲ್ಲಿ ಬೇಡ. ತಡಕ್ಕೆ: ನಿಜವಾದ ಕ್ಲೇಮನ್ನು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2011ರಲ್ಲೇ ಸುತ್ತೋಲೆ ಹೊರಡಿಸಿದೆ. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಸಮಯಕ್ಕೆ: ಆಸ್ಪತ್ರೆಯ ಎಮರ್ಜೆನ್ಸಿ ರಿಜಿಸ್ಟರ್‌ನಲ್ಲಿ ಒಳಗೆ ಬಂದ ಹೊತ್ತು ಇರುತ್ತದೆ, ನಿಮ್ಮ ಫೋನಿನಲ್ಲಿ 112ಕ್ಕೋ ಮನೆಗೋ ಮಾಡಿದ ಕರೆಯ ಹೊತ್ತು ಇರುತ್ತದೆ. ಅವೆರಡರ ಫೋಟೋ ಕಳಿಸಿ. ಇಂಥ ಮುಕ್ಕಾಲು ಗಂಟೆಯ ವ್ಯತ್ಯಾಸವನ್ನು ಹಿಡಿದುಕೊಂಡು ಫೈಲ್ ತಿಂಗಳುಗಟ್ಟಲೆ ಮಲಗಿಸುವವರನ್ನು ನೋಡಿದ್ದೇನೆ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಾದರೂ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಶುಲ್ಕ ಇಲ್ಲ, ವಕೀಲರು ಬೇಡ. ಅದಕ್ಕೆ ಮೊದಲು ಐಆರ್‌ಡಿಎಐ ಸಹಾಯವಾಣಿ 155255ಕ್ಕೆ ಫೋನ್ ಮಾಡಿ ಅಥವಾ ಅವರದೇ ಬಿಮಾ ಭರೋಸಾ ವೆಬ್‌ಸೈಟಿನಲ್ಲಿ ದೂರು ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಕಂಪನಿಯವರಿಗೆ ಎಚ್ಚರ ಆಗುತ್ತೆ.

ಕುವೆಂಪುನಗರದವಳು:
ಆಸ್ಪತ್ರೆ ರಿಜಿಸ್ಟರ್‌ನಲ್ಲಿ 10:50 ಅಂತ ಇದೆ, 10:20ಕ್ಕೆ ತಮ್ಮನಿಗೆ ಮಾಡಿದ ಕರೆಯೂ ಇದೆ. ಕಳಿಸಿದೆ, ಒಪ್ಪಿಕೊಂಡರು. ಕಾರಿನ ಕ್ಲೇಮ್ ಪಾಸ್ ಆಗಿದೆ. ಎಡ, ಬಲ ಎರಡೂ ಪೆಟ್ಟು ಒಂದೇ ಅಪಘಾತ ಅಂತ ಸರ್ವೇಯರ್ ಬರೆದಿದ್ದಾರೆ.

ಬಂಕ್ ಕ್ಯಾಮೆರಾದಲ್ಲಿ ಗಾಡಿ ಹಾದುಹೋಗಿದ್ದು ಸಿಕ್ಕಿದೆ, ಒಂದು ಕಡೆ ಕನ್ನಡಿ ಇಲ್ಲ, ಆದರೆ ಹೆಡ್‌ಲೈಟ್ ಬೆಳಕಿಗೆ ನಂಬರ್ ಓದಲು ಆಗುತ್ತಿಲ್ಲ. ಮಾಡೆಲ್ ಗೊತ್ತಾಗಿದೆ. ಕೆಎ 11ರ ಆ ಮಾಡೆಲ್ ಬಿಳಿ ಗಾಡಿಗಳ ಪಟ್ಟಿಯನ್ನು ಆರ್‌ಟಿಒದಿಂದ ತರಿಸುತ್ತೇವೆ ಎಂದಿದ್ದಾರೆ ತನಿಖಾಧಿಕಾರಿ. ಒಂದು ತಿಂಗಳು ಮುಗಿದದ್ದರಿಂದ ಪತ್ರವನ್ನೂ ಕೊಟ್ಟರು, ಆದರೆ ನಾವಾಗಿ ಕೇಳಿದ ಮೇಲೆ. ತಾಲ್ಲೂಕು ಕಚೇರಿಯಲ್ಲಿ ಮಾತ್ರ "ಇದು ಯಾವ ಸ್ಕೀಮು, ಸಂಧ್ಯಾ ಸುರಕ್ಷಾನಾ?" ಅಂತ ಕೇಳಿದರು.

ಕೋರ್ಟ್ ಕಟ್ಟೆ:
ಕೇಳುತ್ತಾರೆ. 2022ರ ಯೋಜನೆಯ ಗೆಜೆಟ್ ಅಧಿಸೂಚನೆ ಪ್ರಿಂಟ್ ತೆಗೆದು ಅರ್ಜಿಯ ಹಿಂದೆ ಪಿನ್ ಮಾಡಿ. ಜೊತೆಗೆ ಎಫ್‌ಐಆರ್, ಠಾಣೆಯ ಪತ್ರ, ಆಸ್ಪತ್ರೆ ಬಿಲ್ಲು, ಆಧಾರ್, ಪಾಸ್‌ಬುಕ್ ಮೊದಲ ಪುಟ, ಆಸ್ಪತ್ರೆ ಕೊಡುವ ಗಾಯದ ಪ್ರಮಾಣಪತ್ರ, ಅದೇ ವೂಂಡ್ ಸರ್ಟಿಫಿಕೇಟ್. ಅದರಲ್ಲಿ ಗಾಯ "ತೀವ್ರ ಸ್ವರೂಪದ್ದು" ಅಂತ ಡಾಕ್ಟರ್ ಬರೆದಿರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಮುಂದೆ ಬೇರೆ ಪರಿಹಾರ ಸಿಕ್ಕರೆ ಈ ಹಣ ಹಿಂದಿರುಗಿಸುತ್ತೇನೆ ಅಂತ ಮುಚ್ಚಳಿಕೆಯೂ ಬೇಕು. ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ನಂಬರ್ ತೆಗೆದುಕೊಳ್ಳಿ, ಯಾರ ಟೇಬಲ್ ಮೇಲೂ ಇಟ್ಟು ಬರಬೇಡಿ.

ಕಬ್ಬಿನಗದ್ದೆ:
ಗಾಡಿ ಆಮೇಲೆ ಸಿಕ್ಕರೆ ಈ ಅರ್ಜಿ ಏನಾಗುತ್ತೆ ಸಾರ್?

ಕೋರ್ಟ್ ಕಟ್ಟೆ:
ಅದಕ್ಕೇ ಆ ಮುಚ್ಚಳಿಕೆ. ಗಾಡಿ ಸಿಕ್ಕರೆ ನ್ಯಾಯಮಂಡಳಿಗೆ ಹೋಗುತ್ತೇವೆ, ಅಲ್ಲಿ ಬರುವ ಮೊತ್ತದಲ್ಲಿ ಈ 50,000 ಕಳೆಯುತ್ತಾರೆ. ಆರು ತಿಂಗಳ ಗಡುವು ಮಾತ್ರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ ಮೇಡಂ.

ಕುವೆಂಪುನಗರದವಳು:
ಹಾಕಿದ್ದೇನೆ ಸರ್. ವೂಂಡ್ ಸರ್ಟಿಫಿಕೇಟ್ ನಾಳೆ ಸಿಗುತ್ತೆ, ಸೋಮವಾರ ಅರ್ಜಿ ಕೊಡುತ್ತೇವೆ. ಈ ಸಲ ಸಹಿ ತಾನೇ ಹಾಕಬೇಕು ಅಂತ ಅಮ್ಮನೂ ಬರ್ತಿದ್ದಾರೆ.